ಫೌಂಡೇಶನ್ ಪುಸ್ತಕಗಳನ್ನ ಯಾವ್ದರಿಂದ ಶುರು ಮಾಡ್ಬೇಕ್ರಿ?

ಓದುಗರ ಪ್ರಶ್ನೆ:

"ನಮಸ್ಕಾರ್ರಿ ಸರ್. ನಾನು ಗಂಗಾವತಿಯವ, ಬ್ಯಾಂಕಿನಾಗ ಲೋನ್ ಸೆಕ್ಷನ್ ನೋಡ್ಕೋತೀನಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಫೌಂಡೇಶನ್ ವೆಬ್ ಸೀರೀಸ್ ನೋಡಿ ಹುಚ್ಚು ಹತ್ತಿತು, ಪುಸ್ತಕಾನೇ ಓದ್ಬೇಕು ಅನಿಸ್ತು. ಬೆಂಗಳೂರಿಗೆ ಹೋದಾಗ ಹಳೇ ಪುಸ್ತಕದ ಅಂಗಡ್ಯಾಗ 'ಫೌಂಡೇಶನ್ ಅಂಡ್ ಅರ್ತ್' ಸಿಕ್ತು, ಅಗ್ಗ ಇತ್ತು, ತಗೊಂಡೆ. ಅರವತ್ತು ಪುಟ ಓದಿದ್ರೂ ಯಾರು ಯಾರಿಗೆ ಏನಾಗ್ಬೇಕು ಅಂತ ತಿಳೀಲಿಲ್ಲ, ಬಿಟ್ಟೆ. ಗೆಳೆಯಾ ಒಬ್ಬ ಹೇಳ್ತಾನ, ರೋಬೋಟ್ ಕಥಿಯಿಂದ ಹಿಡಿದು ಹದಿನೈದು ಪುಸ್ತಕ ಕಾಲದ ಪ್ರಕಾರ ಓದಿದ್ರ ಮಾತ್ರ ತಿಳೀತೈತಿ, ಲೇಖಕರೇ ಆ ಲಿಸ್ಟ್ ಕೊಟ್ಟಾರ ಅಂತ. ವಾಟ್ಸಾಪ್‌ನಾಗ ಬಂದ ಇನ್ನೊಂದು ಲಿಸ್ಟಿನಾಗ 'ಪ್ರಿಲ್ಯೂಡ್ ಟು ಫೌಂಡೇಶನ್' ಒಂದನೇ ನಂಬರ್. ನಂದು ಇಂಗ್ಲಿಷ್ ಓದೋದು ನಿಧಾನ, ಸೈನ್ಸ್ ಅಂತೂ ಗೊತ್ತೇ ಇಲ್ಲ. ಇಡೀ ಸೆಟ್ ಆರ್ಡರ್ ಮಾಡ್ಲಾ, ಎಲ್ಲಿಂದ ಶುರು ಮಾಡ್ಲಿ? ಪಿಡಿಎಫ್ ಕಳಸ್ತೀನಿ ಅಂತಾನೂ ಒಬ್ರು ಅಂದಾರ. ಒಂಬತ್ತನೇ ಕ್ಲಾಸಿನ ಮಗಳು ನಾನೂ ಓದ್ತೀನಿ ಅಂತ ಗಂಟು ಬಿದ್ದಾಳ, ಆಕಿಗೆ ಏನು ಕೊಡ್ಲಿ?"

ಉತ್ತರ:

ಮೊದ್ಲು ಉತ್ತರ ಹೇಳಿಬಿಡ್ತೀನ್ರಿ, ಕಾರಣ ಆಮೇಲೆ. ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕ ಐಸಾಕ್ ಅಸಿಮೋವ್ ಬರೆದ, 1951ರಾಗ ಪುಸ್ತಕ ಆಗಿ ಬಂದ 'ಫೌಂಡೇಶನ್' ಅನ್ನೋದು ಒಂದೇ ಒಂದು ತಗೋರಿ, ಸೆಟ್ ಬ್ಯಾಡ. ಹಿಡಿಸಿದ್ರ 1952ರ 'ಫೌಂಡೇಶನ್ ಅಂಡ್ ಎಂಪೈರ್', ಆಮೇಲೆ 1953ರ 'ಸೆಕೆಂಡ್ ಫೌಂಡೇಶನ್'. ಈ ಮೂರು ಆದ್ರ ಮೂಲ ಕಥಿ ಓದಿದಂಗ ಆತು, ಉಳಿದ ಪುಸ್ತಕ ಓದೋದು ಬಿಡೋದು ನಿಮ್ಮ ಮರ್ಜಿ.

ಆದ್ರ ನಿಮ್ಮ ಪತ್ರ ಎರಡು ಸಲ ಓದಿದಾಗ ನನಗ ಅನಿಸಿದ್ದು, ನಿಮಗ ಕಾಡ್ತಿರೋದು ಲಿಸ್ಟ್ ಅಲ್ಲ. ಅರವತ್ತು ಪುಟ ಓದಿ ಬಿಟ್ಟಿದ್ದಕ್ಕ ನನ್ನ ಇಂಗ್ಲಿಷೇ ಸಾಲದು, ನನ್ನ ತಲಿಗೆ ಇದು ಹತ್ತೋದಲ್ಲ ಅಂತ ಒಳಗೊಳಗ ಅನ್ಕೊಂಡಿದ್ದೀರಿ. ನಾನು ಬಳ್ಳಾರ್ಯಾಗ ಒಂದು ಕಾಲೇಜಿನ ಲೈಬ್ರರಿಯೊಳಗ ವರ್ಷಾನುಗಟ್ಲೆ ಕಾದಂಬರಿ ಕೊಟ್ಟು ವಾಪಸ್ ತಗೊಂಡು ಮಾಡ್ದವ, ಈ ಮಾತು ಕೌಂಟರ್ ಮುಂದ ಭಾಳ ಕೇಳೀನಿ. ಹುಡುಗರು ಒಂದು ದಪ್ಪ ಪುಸ್ತಕ ಒಯ್ತಾರ, ಎರಡು ದಿನಕ್ಕ ತಂದು ಇಟ್ಟು 'ಸರ್ ಇಂಗ್ಲಿಷ್ ಟಫ್ ಐತ್ರಿ' ಅಂತಾರ, ತೆಗೆದು ನೋಡಿದ್ರ ಅದು ಯಾವ್ದೋ ಸರಣಿಯ ನಾಲ್ಕನೇದೋ ಐದನೇದೋ ಭಾಗ ಇರ್ತೈತಿ. ನಿಮ್ಮದು ಇನ್ನೂ ಮಜಾ ಕೇಸ್. 'ಫೌಂಡೇಶನ್ ಅಂಡ್ ಅರ್ತ್' 1986ರಾಗ ಬಂದಿದ್ದು, ಕಥಿಯ ಕಾಲದಾಗ ಅದು ಎಲ್ಲಕ್ಕಿಂತ ಕೊನೀದು, ಮತ್ತ ಅದು ಶುರು ಆಗೋದೇ 1982ರ 'ಫೌಂಡೇಶನ್ಸ್ ಎಡ್ಜ್' ಎಲ್ಲಿ ಮುಗೀತೋ ಅಲ್ಲಿಂದ. ಗೋಲನ್ ಟ್ರೆವೈಜ್ ಅನ್ನೋನು ಹಿಂದಿನ ಪುಸ್ತಕದಾಗ ಒಂದು ದೊಡ್ಡ ತೀರ್ಮಾನ ತಗೊಂಡಿರ್ತಾನ, ಈ ಪುಸ್ತಕದಾಗ 'ನಾನು ಯಾಕ ಹಂಗ ತೀರ್ಮಾನ ಮಾಡ್ದೆ' ಅಂತ ತಾನೇ ಹುಡುಕ್ಕೊಂಡು ಹೊಂಟಿರ್ತಾನ. ತೀರ್ಮಾನ ಏನು ಅಂತಾನೇ ಗೊತ್ತಿಲ್ಲದವರಿಗೆ ಅದು ತಿಳೀಬೇಕು ಅಂದ್ರ ಹ್ಯಾಂಗ್ರಿ, ಇಂಗ್ಲಿಷ್ ಎಂ.ಎ. ಮಾಡ್ದವ್ರಿಗೂ ತಿಳಿಯಲ್ಲ.

ಇನ್ನ ಈ ಗೊಂದಲ ಹುಟ್ಟಿದ್ದು ಹ್ಯಾಂಗ ಅನ್ನೋದು ಸ್ವಲ್ಪ ಉದ್ದ ಐತಿ, ಆದ್ರ ಇದು ತಿಳಿದ್ರ ಯಾವ ಲಿಸ್ಟ್ ನೋಡಿದ್ರೂ ನೀವೇ ಅಳೀಬೋದು. ಐಸಾಕ್ ಅಸಿಮೋವ್ 1941ರ ಆಗಸ್ಟ್‌ನಾಗ ಇನ್ನೂ ಇಪ್ಪತ್ತೊಂದು ವರ್ಷದ ಹುಡುಗ, ನ್ಯೂಯಾರ್ಕಿನ ಕೊಲಂಬಿಯಾದಾಗ ಕೆಮಿಸ್ಟ್ರಿ ಓದ್ತಿದ್ದವ, ಸಬ್‌ವೇ ರೈಲಿನಾಗ ಕೂತು ಎಡಿಟರ್ ಜಾನ್ ಕ್ಯಾಂಪ್‌ಬೆಲ್ ಕಡೆ ಹೊಂಟಾಗ ಕೈಯಾಗ ಕಥಿ ಐಡಿಯಾ ಏನೂ ಇರಲಿಲ್ಲಂತ. ಜೊತೆಗಿದ್ದ ಒಂದು ನಾಟಕದ ಪುಸ್ತಕ ಸುಮ್ನ ತೆಗೆದ್ರ ಒಬ್ಬ ಕಾವಲು ಸಿಪಾಯಿ ಚಿತ್ರ ಕಾಣಿಸ್ತು, ಅಲ್ಲಿಂದ ಸೈನ್ಯ, ಸೈನ್ಯದಿಂದ ಸಾಮ್ರಾಜ್ಯ, ಸಾಮ್ರಾಜ್ಯದಿಂದ ಇಡೀ ಗ್ಯಾಲಕ್ಸಿ ಆಳೋ ಒಂದು ಸಾಮ್ರಾಜ್ಯ ಬೀಳೋ ಕಥಿ ಅಂತ ತಲಿ ಓಡ್ತು. ಗಿಬ್ಬನ್ ಬರೆದ ರೋಮ್ ಪತನದ ಇತಿಹಾಸ ಆಗ್ಲೇ ಓದಿಕೊಂಡಿದ್ರು. ಕ್ಯಾಂಪ್‌ಬೆಲ್ ಕೇಳಿದ್ದೇ ತಡ, ಒಂದು ಕಥಿ ಸಾಲದು, ಸಾಲಾಗಿ ಬರೀರಿ ಅಂದ್ರು. 1942ರ ಮೇ ತಿಂಗಳಿಂದ 1950ರ ಜನವರಿ ತನಕ 'ಅಸ್ಟೌಂಡಿಂಗ್' ಪತ್ರಿಕ್ಯಾಗ ಬಿಡಿ ಬಿಡಿ ಕಥಿ ಆಗಿ ಬಂದ್ವು, ಆಮೇಲೆ ನೋಮ್ ಪ್ರೆಸ್ ಅನ್ನೋ ಸಣ್ಣ ಪ್ರಕಾಶಕರು ಮೂರು ಪುಸ್ತಕ ಮಾಡಿದ್ರು. ಅಂದ್ರ ನೀವು 'ಕಾದಂಬರಿ' ಅಂತ ಕೊಳ್ಳೋ ಮೊದಲ್ನೇ ಪುಸ್ತಕ ನಿಜವಾಗ್ಲೂ ಐದು ಕಥಿ, ಅದರಾಗ ಮೊದಲ್ನೇ ಭಾಗ ಪುಸ್ತಕಕ್ಕಂತನೇ ಆಮೇಲೆ ಬರೆದು ಸೇರಿಸಿದ್ದು.

ಇದೇ ಹೊತ್ತಿನಾಗ ಅವ್ರು ರೋಬೋಟ್ ಕಥಿನೂ ಬರೀತಿದ್ರು, ಅದು ಬ್ಯಾರೆ ಲೆಕ್ಕ. ಫೌಂಡೇಶನ್ ಮೂರು ಪುಸ್ತಕದಾಗ ರೋಬೋಟ್ ಇಲ್ಲ, ರೋಬೋಟ್ ಕಥಿಯೊಳಗ ಗ್ಯಾಲಕ್ಸಿ ಸಾಮ್ರಾಜ್ಯ ಇಲ್ಲ. 1950ರಿಂದ 1952ರ ನಡುವ ಸಾಮ್ರಾಜ್ಯದ ಹಿಂದಿನ ಕಾಲಕ್ಕ ಸೇರೋ ಮೂರು ಕಾದಂಬರಿ ಬಂದ್ವು, ಅವುಕ್ಕೂ ಒಂದಕ್ಕೊಂದು ಸಂಬಂಧ ಅಷ್ಟಕ್ಕಷ್ಟೇ. 1953 ಆದ ಮ್ಯಾಲ ಇಪ್ಪತ್ತೊಂಬತ್ತು ವರ್ಷ ಹೊಸ ಫೌಂಡೇಶನ್ ಕಾದಂಬರಿ ಇಲ್ಲ, ಅಸಿಮೋವ್ ವಿಜ್ಞಾನ ಬರವಣಿಗಿ ಕಡೆ ಹೊಳ್ಳಿಬಿಟ್ರು. ಪ್ರಕಾಶಕರು ಬೆನ್ನು ಬಿದ್ದು ಬರೆಸಿದ್ದು 1982ರ 'ಫೌಂಡೇಶನ್ಸ್ ಎಡ್ಜ್', ಅದು ಭರ್ಜರಿ ಮಾರಾಟ ಆಗಿ ಮರುವರ್ಷ ಸೈನ್ಸ್ ಫಿಕ್ಷನ್‌ಗೆ ಕೊಡೋ ಹ್ಯೂಗೋ ಪ್ರಶಸ್ತಿನೂ ಬಂತು, ಆಗ ಅವ್ರಿಗೆ ಹುರುಪು ಬಂದು ಬ್ಯಾರೆ ಬ್ಯಾರೆ ಇದ್ದ ಎಲ್ಲಾನೂ ಒಂದೇ ಇತಿಹಾಸ ಅಂತ ಹೊಲಿಯೋಕೆ ಕೂತ್ರು. 1985ರ 'ರೋಬೋಟ್ಸ್ ಅಂಡ್ ಎಂಪೈರ್' ಹೆಸರೇ ಹೇಳ್ತೈತಿ ನೋಡ್ರಿ ಏನು ಮಾಡೋಕೆ ಹೊಂಟಾರ ಅಂತ. ಹೊಲಿಗಿ ಕೆಲವು ಕಡೆ ಕಾಣ್ತೈತಿ, ಭೂಮಿ ಹ್ಯಾಂಗ ಹಾಳಾತು ಅನ್ನೋದಕ್ಕ ಹಳೇ ಪುಸ್ತಕದ ಹಿನ್ನೆಲಿ ಒಂದು, ಹೊಸ ಪುಸ್ತಕದ ವಿವರಣೆ ಇನ್ನೊಂದು. ನನಗ ಅದರಿಂದ ಬ್ಯಾಸರ ಇಲ್ಲ, ನಲವತ್ತು ವರ್ಷದ ಮ್ಯಾಲ ಹಿಂದಕ್ಕ ಹೋಗಿ ಗಂಟು ಹಾಕಿದ್ರ ಅಷ್ಟು ಸಡಿಲ ಇರೋದೇ.

ಈಗ ನಿಮ್ಮ ಗೆಳೆಯಾ ಹೇಳಿದ ಲಿಸ್ಟ್. ಅಂವ ಸುಳ್ಳು ಹೇಳಿಲ್ಲ. 1988ರ 'ಪ್ರಿಲ್ಯೂಡ್ ಟು ಫೌಂಡೇಶನ್' ಪುಸ್ತಕದ ಮುಂದ ಅಸಿಮೋವ್ ಒಂದು ಟಿಪ್ಪಣಿ ಬರೆದಾರ, ಅದರಾಗ ಹದಿನಾಲ್ಕು ಪುಸ್ತಕ ಕಥಿಯ ಕಾಲದ ಪ್ರಕಾರ ಜೋಡಿಸಿ ಕೊಟ್ಟಾರ, 'ದ ಕಂಪ್ಲೀಟ್ ರೋಬೋಟ್' ಕಥಾ ಸಂಕಲನದಿಂದ ಶುರು, ನಿಮ್ಮ ಕೈಯಾಗಿರೋ 'ಫೌಂಡೇಶನ್ ಅಂಡ್ ಅರ್ತ್' ಕೊನೀಕೆ. ಹದಿನೈದನೇದು 'ಫಾರ್ವರ್ಡ್ ದ ಫೌಂಡೇಶನ್', ಅದು 1993ರಾಗ ಬಂತು, ಅಸಿಮೋವ್ 1992ರ ಏಪ್ರಿಲ್‌ನಾಗ್ಲೇ ತೀರ್ಕೊಂಡಿದ್ರು, ಹಂಗಾಗಿ ಜನ ಅದನ್ನ ಆಮೇಲೆ ನಡುವ ಸೇರಿಸಿಕೊಂಡಾರ. ಆದ್ರ ಆ ಟಿಪ್ಪಣಿ ಪೂರ್ತಿ ಓದಿದ್ರ ಅವ್ರು ಇದೇ ಕ್ರಮದಾಗ ಓದ್ರಿ ಅಂತ ಆಜ್ಞೆ ಮಾಡಿಲ್ಲ, ಈ ಪುಸ್ತಕ ಬರೆದ ಕ್ರಮ ಒಂದು, ಓದೋ ಕ್ರಮ 'ಬಹುಶಃ' ಇನ್ನೊಂದು ಇರಬೋದು ಅನ್ನೋ ಧಾಟಿ ಅದು. ಹತ್ತಾರು ವರ್ಷ ಬರೆದ ಮ್ಯಾಲ, ಅದೂ ಎಲ್ಲಾ ಓದಿಕೊಂಡಿರೋ ಅಭಿಮಾನಿಗಳಿಗೆ ಕೊಟ್ಟ ನಕ್ಷೆ. ಹೊಸಬರು ಅದನ್ನ ಪಠ್ಯಕ್ರಮ ಅಂತ ತಿಳ್ಕೊಂಡು ಮೊದ್ಲ ನಾಲ್ಕೈದು ಪುಸ್ತಕಕ್ಕ ಸುಸ್ತಾಗಿ ಫೌಂಡೇಶನ್ ಮುಟ್ಟೋದೇ ಇಲ್ಲ, ನೋಡೀನಿ ನಾನು ಇಂಥವರನ್ನ.

ಕಾಲದ ಪ್ರಕಾರ ಓದೋದಕ್ಕ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದೈತಿ, ಗುಟ್ಟು ಮೊದ್ಲೇ ಒಡೀತೈತಿ. 'ಪ್ರಿಲ್ಯೂಡ್' ಮತ್ತ 'ಫಾರ್ವರ್ಡ್' ಎರಡೂ ಸರಣಿಯ ಮೂಲಪುರುಷ ಹರಿ ಸೆಲ್ಡನ್‌ನ ಹರೇದ ದಿನದಿಂದ ಮುಪ್ಪಿನ ತನಕದ ಕಥಿ, ಕಥಿಯ ಕಾಲದಾಗ ಮೊದ್ಲು ಬರ್ತಾವ, ಸರಿ. ಆದ್ರ ಬರೆದಿದ್ದು ಎಲ್ಲಾ ಮುಗಿದ ಮ್ಯಾಲ. ಓದೋರಿಗೆ ಹಳೇ ಪುಸ್ತಕದ ಗುಟ್ಟು ಗೊತ್ತೈತಿ ಅಂತ ತಿಳ್ಕೊಂಡೇ ಬರೆದಾರ. 'ಸೆಕೆಂಡ್ ಫೌಂಡೇಶನ್' ಪುಸ್ತಕ ಇಡೀ ನಿಂತಿರೋದೇ 'ಎರಡನೇ ಫೌಂಡೇಶನ್ ಅನ್ನೋ ಗುಪ್ತ ಸಂಸ್ಥೆ ಎಲ್ಲೈತಿ' ಅನ್ನೋ ಒಂದು ಪ್ರಶ್ನೆ ಮ್ಯಾಲ, ಮೂರು ನಾಲ್ಕು ಸಲ ಸಿಕ್ತು ಅನಿಸ್ತೈತಿ, ಮತ್ತ ಅಲ್ಲ ಅನಿಸ್ತೈತಿ. ಹಿಂದಿನ ಕಾಲದ ಪುಸ್ತಕ ಮೊದ್ಲು ಓದಿ ಬಂದವರಿಗೆ ಆ ಮಜಾನೇ ಇರಲ್ಲ. ಇನ್ನೊಂದು ಗುಟ್ಟು ಒಬ್ಬ ಪಾತ್ರದ್ದು, ಅದನ್ನ ಇಲ್ಲಿ ಹೇಳಂಗಿಲ್ಲ, ಯಾರಾದ್ರೂ ಹೇಳೋಕೆ ಬಂದ್ರ ಕಿವಿ ಮುಚ್ಕೊರಿ, ನಿಮ್ಮ ಗೆಳೆಯಾನೂ ಸೇರಿ. ವಾಟ್ಸಾಪ್ ಲಿಸ್ಟಿನಾಗ 'ಪ್ರಿಲ್ಯೂಡ್' ಒಂದನೇ ನಂಬರ್ ಬಂದಿದ್ದು ಇದೇ ಕಾರಣಕ್ಕ, ಯಾರೋ ಕಥಿಯ ವರ್ಷ ನೋಡಿ ನಂಬರ್ ಹಾಕ್ಯಾರ, ಓದುಗರ ಮುಖ ನೋಡಿ ಹಾಕಿಲ್ಲ.

ಸೈನ್ಸ್ ಗೊತ್ತಿಲ್ಲ ಅಂದ್ರಲ್ಲ, ಆ ಚಿಂತಿ ಪೂರ್ತಿ ಬಿಡ್ರಿ. ಈ ಮೂರು ಪುಸ್ತಕದಾಗ ಸೈನ್ಸ್‌ಗಿಂತ ರಾಜಕಾರಣ, ವ್ಯಾಪಾರ, ಧರ್ಮದ ಹೆಸರಿನಾಗ ಆಳೋದು ಇವೇ ಜಾಸ್ತಿ. ಕಥಿಯ ಮೂಲ ಇಷ್ಟು: ಹನ್ನೆರಡು ಸಾವಿರ ವರ್ಷದ ಸಾಮ್ರಾಜ್ಯ, ಇಡೀ ಗ್ರಹವೇ ಒಂದು ಊರಾಗಿರೋ ಟ್ರಾಂಟರ್ ಅದರ ರಾಜಧಾನಿ, ನಾಲ್ಕು ಸಾವಿರ ಕೋಟಿ ಜನ. ಹರಿ ಸೆಲ್ಡನ್ ಅನ್ನೋ ಗಣಿತಜ್ಞ ಇದು ಬೀಳ್ತೈತಿ, ಬಿದ್ರ ಮೂವತ್ತು ಸಾವಿರ ವರ್ಷ ಕತ್ತಲು, ಆದ್ರ ನಾನು ಹೇಳಿದಂಗ ಮಾಡಿದ್ರ ಒಂದು ಸಾವಿರ ವರ್ಷಕ್ಕ ಇಳಸ್ಬೋದು ಅಂತ ಲೆಕ್ಕ ಹಾಕ್ತಾನ. ಅದಕ್ಕಂತನೇ ಟರ್ಮಿನಸ್ ಅನ್ನೋ ದೂರದ ಗ್ರಹದಾಗ ಅಂವ ಕಟ್ಟಿಸೋ ಸಂಸ್ಥೆನೇ ಫೌಂಡೇಶನ್. ಆ ಲೆಕ್ಕದ ಹೆಸರು ಸೈಕೋಹಿಸ್ಟರಿ. ಅಸಿಮೋವ್ ಕೆಮಿಸ್ಟ್ರಿ ಓದಿದವರು ನೋಡ್ರಿ, ಗ್ಯಾಸಿನೊಳಗ ಒಂದು ಅಣು ಎತ್ತ ಓಡ್ತೈತಿ ಹೇಳೋಕಾಗಲ್ಲ, ಆದ್ರ ಕೋಟಿ ಕೋಟಿ ಅಣು ಸೇರಿದ್ರ ಒತ್ತಡ ಎಷ್ಟು ಅಂತ ಕರೆಕ್ಟಾಗಿ ಹೇಳ್ಬೋದು ಅನ್ನೋದರಿಂದ ಹುಟ್ಟಿದ್ದು ಅದು. ನೀವು ಲೋನ್ ಸೆಕ್ಷನ್‌ನವರು, ನಿಮಗ ಇದು ನನಗಿಂತ ಚಲೋ ತಿಳೀತೈತಿ, ಒಬ್ಬ ರೈತ ಈ ವರ್ಷ ಸಾಲ ಕಟ್ತಾನೋ ಇಲ್ಲೋ ಯಾರೂ ಹೇಳೋಕಾಗಲ್ಲ, ಆದ್ರ ಒಂದು ಬ್ರ್ಯಾಂಚಿನ ಎಲ್ಲಾ ಬೆಳೆಸಾಲ ತಗೊಂಡ್ರ ಇಷ್ಟು ಪರ್ಸೆಂಟ್ ನಿಲ್ತೈತಿ ಅಂತ ನಿಮ್ಮ ಮ್ಯಾನೇಜರ್ ಅಂದಾಜು ಹಾಕೇ ಹಾಕ್ತಾರ. ಎರಡನೇ ಪುಸ್ತಕದಾಗ ಈ ಅಂದಾಜಿಗೆ ಸಿಗದ ಒಬ್ಬೇ ಒಬ್ಬ ಮನುಷ್ಯಾ ಬರ್ತಾನ, ಮ್ಯೂಲ್ ಅಂತ ಹೆಸರು, ನನ್ನ ಲೆಕ್ಕದಾಗ ಇಡೀ ಸರಣಿಯಾಗ ಅದಕ್ಕಿಂತ ಚಲೋ ಭಾಗ ಇಲ್ಲ. ಮತ್ತ ನೀವು ಇರೋದು ಆನೆಗೊಂದಿ ಪಕ್ಕದಾಗ, ಹೊಳಿ ದಾಟಿದ್ರ ಹಂಪಿ, ಸಾಮ್ರಾಜ್ಯ ಅಂದ್ರ ಏನು ಬಿದ್ದ ಮ್ಯಾಲ ಏನು ಉಳೀತೈತಿ ಅಂತ ನಿಮಗ ಪುಸ್ತಕ ಹೇಳಿಕೊಡೋದೇನೂ ಇಲ್ಲ.

ಹಂಗಂತ 'ಫೌಂಡೇಶನ್' ಎಲ್ಲರಿಗೂ ಹಿಡಿಸ್ತೈತಿ ಅಂತ ನಾನು ಹೇಳಲ್ಲ, ಅದರ ತೊಂದ್ರಿನೂ ಹೇಳ್ಬೇಕು. ಐದು ಭಾಗ, ಒಂದೊಂದು ಭಾಗದ ನಡುವ ಹತ್ತಾರು ವರ್ಷ ಹೋಗಿರ್ತಾವ, ಪಾತ್ರ ಬಹುತೇಕ ಬದಲಿ ಆಗ್ತಾರ. ಟರ್ಮಿನಸ್‌ನ ಮೇಯರ್ ಸಾಲ್ವರ್ ಹಾರ್ಡಿನ್ ಮ್ಯಾಲ ನಿಮಗ ಪ್ರೀತಿ ಹುಟ್ಟೋ ಹೊತ್ತಿಗೆ ಅಂವ ಇತಿಹಾಸ ಆಗಿಬಿಟ್ಟಿರ್ತಾನ. ಯುದ್ಧ ಗಿದ್ಧ ಹೊರಗ ನಡೀತೈತಿ, ನಿಮಗ ಸಿಗೋದು ನಾಲ್ಕು ಮಂದಿ ರೂಮಿನಾಗ ಕೂತು ವಾದ ಮಾಡೋದು, ಸಿಗಾರ್ ಸೇದೋದು. ಮೊದಲ್ನೇ ಪುಸ್ತಕದಾಗ ಹೆಣ್ಣುಮಕ್ಕಳು ಇಲ್ಲ ಅನ್ನೋಷ್ಟು ಕಡಿಮಿ, ಅದು ಆ ಕಾಲದ ಅಮೆರಿಕದ ಪತ್ರಿಕಿ ಕಥಿಗಳ ದೋಷ, ಎರಡನೇ ಮೂರನೇದ್ರಾಗ ಬೇಟಾ, ಆರ್ಕೇಡಿ ಬಂದ ಮ್ಯಾಲ ಎಷ್ಟೋ ಸುಧಾರಸ್ತೈತಿ. ಇದಕ್ಕ ನನ್ನ ಉಪಾಯ ಏನಂದ್ರ ಅದನ್ನ ಕಾದಂಬರಿ ಅಂತ ಒಂದೇ ದಮ್ಮಿಗೆ ಓದಬ್ಯಾಡ್ರಿ, ಪತ್ರಿಕ್ಯಾಗ ಹ್ಯಾಂಗ ಬಂದಿದ್ವೋ ಹಂಗ ಒಂದು ಭಾಗ ಮುಗಿಸಿ ಎರಡು ದಿನ ಬಿಟ್ಟು ಮುಂದಿನದಕ್ಕ ಹೋಗ್ರಿ. ಎರಡನೇ ಭಾಗ 'ದ ಎನ್‌ಸೈಕ್ಲೋಪೀಡಿಸ್ಟ್ಸ್' ಸ್ವಲ್ಪ ಎಳೀತೈತಿ, ಅಲ್ಲಿ ಬಿಡಬ್ಯಾಡ್ರಿ, ಕೊನೀ ಪುಟಕ್ಕ ಪೂರ್ತಿ ಲೆಕ್ಕ ತೀರ್ಸ್ತೈತಿ.

ಇಂಗ್ಲಿಷ್ ಬಗ್ಗೆ. ಅಸಿಮೋವ್ ಬರವಣಿಗಿ ಆಡಂಬರ ಇಲ್ಲದ್ದು, ಸಣ್ಣ ವಾಕ್ಯ, ಮಾತುಕತಿ ಜಾಸ್ತಿ, ವರ್ಣನೆ ಕಡಿಮಿ, ಕನ್ನಡ ಮೀಡಿಯಂನಿಂದ ಬಂದವರಿಗೆ ಇಂಗ್ಲಿಷ್ ಕಾದಂಬರಿ ಶುರು ಮಾಡೋಕೆ ನಾನು ಕೊಡೋ ಹೆಸರುಗಳಾಗ ಅವ್ರು ಒಬ್ರು. ತೊಂದ್ರಿ ಬರೋದು ಮೊದಲ್ನೇ ಇಪ್ಪತ್ತು ಪುಟದಾಗ, ಯಾಕಂದ್ರ ಜನ ಕಂಡ ಕಂಡ ಪದಕ್ಕ ಡಿಕ್ಷನರಿ ತೆಗೀತಾರ. ಟ್ರಾಂಟರ್, ಟರ್ಮಿನಸ್ ಅಂತ ಗ್ರಹಗಳ ಹೆಸರು, ಭಾಗಗಳ ತಲಿಮ್ಯಾಲ ಬರೋ 'ಎನ್‌ಸೈಕ್ಲೋಪೀಡಿಯಾ ಗ್ಯಾಲಕ್ಟಿಕಾ' ತುಣುಕು, ಇವೆಲ್ಲ ಅವ್ರು ಹುಟ್ಟಿಸಿದ್ದು, ಹುಡುಕಬ್ಯಾಡ್ರಿ, ಓದ್ತಾ ಹೋದ್ರ ತಾನೇ ತಿಳೀತಾವ. ಬದಲಿಗೆ ಒಂದು ಚೀಟಿ ಪುಸ್ತಕದಾಗ ಇಟ್ಕೊಂಡು ಪ್ರತಿ ಭಾಗ ಶುರು ಆದಾಗ ಯಾರು ಯಾರ ಕಡೆಯವ್ರು ಅಂತ ಹೆಸರು ಬರ್ಕೊರಿ, ಅಷ್ಟ ಸಾಕು.

ಮೂವತ್ತು ನಲವತ್ತು ಪುಟಕ್ಕ ಇದು ನಮ್ಮದಲ್ಲ ಅನಿಸಿದ್ರ ಇನ್ನೊಂದು ದಾರಿ ಐತಿ, ಅದು ಕೆಟ್ಟ ದಾರಿ ಏನಲ್ಲ, ಕೆಲವರಿಗೆ ಇದೇ ಮೊದ್ಲು ಕೊಡ್ತೀನಿ. 1954ರ 'ದ ಕೇವ್ಸ್ ಆಫ್ ಸ್ಟೀಲ್'. ಇದು ಅಪ್ಪಟ ಪತ್ತೇದಾರಿ, ಒಂದು ಕೊಲೆ, ಎಲೈಜಾ ಬೇಲಿ ಅನ್ನೋ ಪೊಲೀಸ್ ಡಿಟೆಕ್ಟಿವ್, ಅವನಿಗೆ ಜೋಡಿ ಕೊಟ್ಟಿರೋ ಮನುಷ್ಯಾನಂಗೇ ಕಾಣೋ ರೋಬೋಟ್ ಡ್ಯಾನೀಲ್. ಭೂಮಿ ಮ್ಯಾಲಿನ ಜನ ಎಲ್ಲಾ ಸೂರಿನ ಕೆಳಗ, ಮುಚ್ಚಿದ ದೈತ್ಯ ಊರುಗಳಾಗ ಇರ್ತಾರ, ಬಯಲು ಆಕಾಶ ಕಂಡ್ರ ಎದಿ ಹೊಡ್ಕೋತೈತಿ ಅವ್ರಿಗೆ. ನಮ್ಮ ಬಳ್ಳಾರಿ ಮೇ ತಿಂಗಳ ಬಿಸಿಲಿನಾಗ ಮಧ್ಯಾಹ್ನ ರಾಯಲ್ ಸರ್ಕಲ್ ದಾಟಿದವರಿಗೆ ಅದೇನು ದೊಡ್ಡ ರೋಗ ಅನಿಸಲ್ಲ ಬಿಡ್ರಿ. ಮುಂದಿನದು 1957ರ 'ದ ನೇಕೆಡ್ ಸನ್', ಅಲ್ಲಿ ಉಲ್ಟಾ, ಸೋಲೇರಿಯಾ ಅನ್ನೋ ಗ್ರಹದಾಗ ಇರೋದೇ ಇಪ್ಪತ್ತು ಸಾವಿರ ಜನ, ಯಾರೂ ಯಾರನ್ನೂ ಎದುರಾ ಎದುರು ಭೇಟಿ ಆಗೋದಿಲ್ಲ, ಎಲ್ಲಾ ಪರದೆ ಮ್ಯಾಲೇ ಮಾತು, ಅಲ್ಲೊಂದು ಕೊಲೆ. ಲಾಕ್‌ಡೌನ್ ಆದ ಮ್ಯಾಲ ಅದನ್ನ ಓದಿದ ಹುಡುಗರು ಬರೆದ ವರ್ಷ ನೋಡಿ ಬೆರಗಾದ್ರು. ಇದರಾಗ ಪಾತ್ರಗಳ ಮ್ಯಾಲ ಮನಸ್ಸು ನಿಲ್ತೈತಿ, ಕಥಿ ಬಿಗಿ, ಪುಟ ಕಡಿಮಿ. ಅಪಾಯ ಏನಪಾ ಅಂದ್ರ ನಿಮಗ ಬೇಕಾಗಿರೋ ಸೆಲ್ಡನ್ ಪ್ಲಾನು, ಸಾಮ್ರಾಜ್ಯ ಯಾವ್ದೂ ಇದರಾಗಿಲ್ಲ, ನೀವು ಅದನ್ನ ಹುಡುಕಿದ್ರ ನಿರಾಸೆ ಆಗ್ತೈತಿ. 2004ರಾಗ ಬಂದ 'ಐ, ರೋಬೋಟ್' ಸಿನಿಮಾ ನೋಡಿ ಇದು ಹಂಗೇ ಇರ್ತೈತಿ ಅಂತಾನೂ ತಿಳ್ಕೋಬ್ಯಾಡ್ರಿ, ಆ ಸಿನಿಮಾ ಅಸಿಮೋವ್‌ರ ಕಥಾ ಸಂಕಲನದ ಹೆಸರು, ರೋಬೋಟ್‌ಗಳು ಪಾಲಿಸ್ಬೇಕಾದ ಮೂರು ನಿಯಮ, ಒಂದೆರಡು ಪಾತ್ರದ ಹೆಸರು ತಗೊಂಡೈತಿ, ಕಥಿ ಅದರದ್ದೇ.

ನಡುವಿನ ಮೂರು ಸಾಮ್ರಾಜ್ಯ ಕಾದಂಬರಿ, 'ಪೆಬಲ್ ಇನ್ ದ ಸ್ಕೈ', 'ದ ಸ್ಟಾರ್ಸ್, ಲೈಕ್ ಡಸ್ಟ್', 'ದ ಕರೆಂಟ್ಸ್ ಆಫ್ ಸ್ಪೇಸ್', ಸದ್ಯಕ್ಕ ಮರೆತುಬಿಡ್ರಿ. ಮೊದಲ್ನೇದು ಅಸಿಮೋವ್‌ರ ಮೊದಲ ಕಾದಂಬರಿ, ಶಿಕಾಗೋದ ಒಬ್ಬ ರಿಟೈರ್ಡ್ ಟೇಲರ್ ಇದ್ದಕ್ಕಿದ್ದಂಗ ಸಾವಿರಾರು ವರ್ಷ ಮುಂದ ಹೋಗಿ ಬೀಳೋದು, ಓದೋಕೆ ಚಂದ. ಎರಡನೇದು ಬರೆದವರಿಗೇ ಇಷ್ಟ ಇರಲಿಲ್ಲ. ಬಿಟ್ರ ಏನೂ ಕಳ್ಕೊಳ್ಳಲ್ಲ.

ಇನ್ನ 80ರ ದಶಕದ ಪುಸ್ತಕ. ದಪ್ಪ, ಮಾತು ಜಾಸ್ತಿ, ಒಂದು ವಿಷಯ ಮೂರು ಸಲ ಚರ್ಚೆ ಮಾಡ್ತಾರ, 40ರ ದಶಕದ ಆ ಚುರುಕು ಇಲ್ಲ, ಇದು ನನ್ನ ಅಭಿಪ್ರಾಯ, ಒಪ್ಪದವ್ರು ಭಾಳ ಮಂದಿ ಅದಾರ. ಮೂರು ಮುಗಿಸಿದ ಮ್ಯಾಲ ಇನ್ನೂ ಹಸಿವು ಇದ್ರ 'ಫೌಂಡೇಶನ್ಸ್ ಎಡ್ಜ್' ಓದ್ರಿ. ಅಲ್ಲಿ ನಿಂತು, ನಿಮ್ಮ ಹತ್ರ ಇರೋ 'ಫೌಂಡೇಶನ್ ಅಂಡ್ ಅರ್ತ್' ತೆಗಿಯೋಕೆ ಮೊದ್ಲು, ಬೇಲಿ ಮತ್ತ ಡ್ಯಾನೀಲ್ ಪುಸ್ತಕ ಓದಿಕೊಂಡು ಬಂದ್ರ ಭಾಳ ಚಲೋ, 'ಕೇವ್ಸ್ ಆಫ್ ಸ್ಟೀಲ್', 'ನೇಕೆಡ್ ಸನ್', 1983ರ 'ದ ರೋಬೋಟ್ಸ್ ಆಫ್ ಡಾನ್', ಆಮೇಲೆ 'ರೋಬೋಟ್ಸ್ ಅಂಡ್ ಎಂಪೈರ್'. ಯಾಕಂದ್ರ 'ಅರ್ತ್' ಹೋಗೋ ದಾರಿಯಾಗ ಆ ಹಳೇ ಜಾಗಗಳು ಮತ್ತ ಬರ್ತಾವ, ಗುರುತು ಹಿಡಿಯೋದರಾಗೇ ಅದರ ರುಚಿ ಐತಿ, ಮತ್ತ ಕೊನೀ ಅಧ್ಯಾಯ ಇವನ್ನ ಓದಿದವರಿಗೆ ಬ್ಯಾರೆ ಥರ ತಟ್ತೈತಿ. 'ಪ್ರಿಲ್ಯೂಡ್', 'ಫಾರ್ವರ್ಡ್' ಎಲ್ಲಕ್ಕಿಂತ ಕೊನೀಕೆ. ಅಷ್ಟೊತ್ತಿಗೆ ಓದೋದು ಸಾಕಾದ್ರ ಬಿಡ್ರಿ, ಯಾರೂ ಪರೀಕ್ಷೆ ಇಟ್ಟಿಲ್ಲ.

ವೆಬ್ ಸೀರೀಸ್ ನೋಡಿ ಬಂದಿದ್ದೀರಿ ಅಂತ ಒಂದು ಎಚ್ಚರಿಕಿ. ಆಪಲ್‌ನವರು 2021ರಾಗ ಶುರು ಮಾಡಿದ ಆ ಸೀರೀಸಿನಾಗ ಗಾಲ್ ಡಾರ್ನಿಕ್, ಸಾಲ್ವರ್ ಹಾರ್ಡಿನ್ ಇಬ್ರೂ ಹೆಣ್ಣುಮಕ್ಕಳು, ಪುಸ್ತಕದಾಗ ಗಂಡಸ್ರು. ಅದು ಸಣ್ಣ ಬದಲಾವಣೆ, ನನಗ ಕೇಳಿದ್ರ ಒಳ್ಳೇದೇ ಆತು. ಆದ್ರ ಒಬ್ಬನೇ ಚಕ್ರವರ್ತಿಯ ತದ್ರೂಪಿಗಳು ಒಬ್ಬರಾದ ಮ್ಯಾಲ ಒಬ್ರು ಆಳೋದು, ಸೀರೀಸ್ ನೋಡಿದವರೆಲ್ಲಾ ಹೊಗಳೋದು ಅದನ್ನೇ, ಅದು ಪುಸ್ತಕದಾಗ ಇಲ್ಲೇ ಇಲ್ಲ. ಕ್ಲಿಯಾನ್ ಅನ್ನೋ ಹೆಸರಿನ ಚಕ್ರವರ್ತಿಗಳು ಬರ್ತಾರ, ತದ್ರೂಪಿ ವಂಶ ಬರಲ್ಲ. ನಿಮಗ ಹುಚ್ಚು ಹತ್ತಿಸಿದ್ದು ಆ ಭಾಗವೇ ಆಗಿದ್ರ ಪುಸ್ತಕ ಶುರುವಿಗೆ ಒಣ ಒಣ ಅನಿಸ್ಬೋದು. ಸೆಲ್ಡನ್‌ನ ಲೆಕ್ಕ, ಟರ್ಮಿನಸ್‌ನ ಚಾಲಾಕಿ ರಾಜಕಾರಣ ಹಿಡಿಸಿದ್ರ ಪುಸ್ತಕದಾಗ ಅದು ಸೀರೀಸಿಗಿಂತ ಜಾಸ್ತಿ ಐತಿ.

ಕೊಳ್ಳೋದು. ಸೆಟ್ ಬ್ಯಾಡ ಅಂದಿದ್ದು ದುಡ್ಡಿಗಷ್ಟೇ ಅಲ್ಲ, ಏಳು ಪುಸ್ತಕ ಒಮ್ಮಿಗೇ ಕಪಾಟಿನಾಗ ಕೂತು ನಿಮ್ಮನ್ನ ದಿಟ್ಟಿಸಿದ್ರ ಓದೋ ಮನಸ್ಸೇ ಹೋಗ್ತೈತಿ. ಮೂರನ್ನೂ ಒಂದೇ ಬೈಂಡಿಂಗಿನಾಗ ಹಾಕಿದ ದಪ್ಪ ಪ್ರತಿನೂ ಸಿಗ್ತಾವ, ಅಕ್ಷರ ಸಣ್ಣ, ಮಲಗಿ ಓದೋಕೆ ಭಾರ, ನಿಧಾನ ಓದೋರಿಗೆ ಬಿಡಿ ಪುಸ್ತಕಾನೇ ಚಲೋ. ಆರ್ಡರ್ ಮಾಡೋ ಮೊದ್ಲು ಕೊಪ್ಪಳದ ಜಿಲ್ಲಾ ಕೇಂದ್ರ ಗ್ರಂಥಾಲಯದಾಗ, ಇಲ್ಲಾ ನಿಮ್ಮೂರಿನ ಡಿಗ್ರಿ ಕಾಲೇಜಿನಾಗ ಪರಿಚಯ ಇದ್ರ ಅಲ್ಲಿ ಒಮ್ಮೆ ಕೇಳ್ರಿ, ಇಂಗ್ಲಿಷ್ ಸೆಕ್ಷನ್‌ನಾಗ ಹಳೇ ಅಸಿಮೋವ್ ಧೂಳು ತಿಂತಾ ಕೂತಿರೋ ಚಾನ್ಸ್ ಐತಿ. ಆನ್‌ಲೈನ್‌ನಾಗ ತಗೊಂಡ್ರ ಹೆಸರು ಪೂರ್ತಿ ನೋಡ್ರಿ, ಬರೀ 'ಫೌಂಡೇಶನ್' ಅಂತ ಇರಬೇಕು, ಎಲ್ಲಾ ಹೆಸರಿನಾಗೂ ಆ ಪದ ಇರೋದಕ್ಕೇ ಜನ ತಪ್ಪು ಪುಸ್ತಕ ತರಿಸ್ತಾರ. ಪಿಡಿಎಫ್ ವಿಷಯ, ನಮ್ಮ ದೇಶದ ಕಾನೂನಿನಾಗ ಲೇಖಕರು ತೀರಿಕೊಂಡ ಮ್ಯಾಲ ಅರವತ್ತು ವರ್ಷ ಹಕ್ಕು ಇರ್ತೈತಿ, ಅಂದ್ರ ಇವ್ರದ್ದು 2052ರ ಕೊನೀ ತನಕ. ಅದು ಒಂದು ಕಡೆ ಇರ್ಲಿ, ನಾನು ನೋಡಿದ ಪಿಡಿಎಫ್‌ಗಳು ಸ್ಕ್ಯಾನ್ ಮಾಡಿ ಅಕ್ಷರ ತೆಗೆದಿದ್ದು, ಹೆಸರುಗಳು ತಪ್ಪು, ಪ್ಯಾರಾ ಕೂಡಿಕೊಂಡಿರ್ತಾವ, ಭಾಗ ಎಲ್ಲಿ ಮುಗೀತು ಅಂತಾನೇ ಕಾಣಲ್ಲ. ಇಂಗ್ಲಿಷ್ ನಿಧಾನ ಇರೋರಿಗೆ ಅದಕ್ಕಿಂತ ಶಿಕ್ಷೆ ಇಲ್ಲ. ಫೋನಿನಾಗೇ ಓದ್ತೀನಿ ಅಂದ್ರ ದುಡ್ಡು ಕೊಟ್ಟು ಇ-ಬುಕ್ ತಗೋರಿ, ಪದದ ಮ್ಯಾಲ ಬೆರಳಿಟ್ರ ಅರ್ಥ ಬರ್ತೈತಿ.

ಮಗಳಿಗೆ 'ಫೌಂಡೇಶನ್' ಮೊದ್ಲೇ ಕೊಡಬ್ಯಾಡ್ರಿ. 1950ರ 'ಐ, ರೋಬೋಟ್' ಕೊಡ್ರಿ, ಒಂಬತ್ತು ಸಣ್ಣ ಕಥಿ, ಸುಸಾನ್ ಕ್ಯಾಲ್ವಿನ್ ಅನ್ನೋ ರೋಬೋಟ್ ಮನಶ್ಶಾಸ್ತ್ರದ ಹೆಣ್ಣುಮಗಳು ನೆನಪು ಮಾಡ್ಕೊಂಡು ಹೇಳ್ದಂಗ ಜೋಡಿಸ್ಯಾರ. ಮೊದಲ್ನೇದು ಒಂದು ಸಣ್ಣ ಹುಡುಗಿ ಮತ್ತ ಆಕಿನ್ನ ನೋಡಿಕೊಳ್ಳೋ ರೋಬೋಟ್ ಕಥಿ, ಒಂದು ರಾತ್ರಿಗೆ ಮುಗೀತೈತಿ. ಆಮೇಲಿನವು ಮೂರು ನಿಯಮ ಒಂದಕ್ಕೊಂದು ಡಿಕ್ಕಿ ಹೊಡೆದಾಗ ರೋಬೋಟ್ ಯಾಕ ಹುಚ್ಚುಚ್ಚಾಗಿ ಆಡ್ತೈತಿ ಅಂತ ಪತ್ತೆ ಮಾಡೋ ಒಗಟು, ಗಣಿತ ಇಷ್ಟ ಇರೋ ಹುಡುಗ್ರು ಬಿಡೋದೇ ಇಲ್ಲ. ನಿಯಮಗಳ ವಿಷಯದಾಗ ಆಕಿ ನಿಮ್ಮ ಜೊತಿ ಜಗಳ ಮಾಡ್ತಾಳ, ಮಾಡ್ಲಿ. ಅದು ಮುಗಿದ್ರ 'ಕೇವ್ಸ್ ಆಫ್ ಸ್ಟೀಲ್' 'ನೇಕೆಡ್ ಸನ್' ಕೊಡ್ಬೋದು, ಎರಡನೇದರ ಹೆಸರು ನೋಡಿ ಮನ್ಯಾಗ ಯಾರೂ ಗಾಬರಿ ಆಗೋದು ಬ್ಯಾಡ, ಮ್ಯಾಲ ಸೂರಿಲ್ಲದ ಬಯಲಿನ ಸೂರ್ಯ ಅಂತ ಅದರ ಅರ್ಥ. 'ರೋಬೋಟ್ಸ್ ಆಫ್ ಡಾನ್' ಮತ್ತ ನಿಮ್ಮ ಹತ್ರ ಇರೋ 'ಫೌಂಡೇಶನ್ ಅಂಡ್ ಅರ್ತ್' ಮಾತ್ರ ಈಗ ಬ್ಯಾಡ, ಅವುದ್ರಾಗ ಗಂಡು ಹೆಣ್ಣಿನ ಸಂಬಂಧದ ಮಾತು ದೊಡ್ಡವರಿಗೆ ಬರೆದಂಗ ಬಿಚ್ಚಿ ಬರೆದಾರ, ಪಿಯುಸಿ ಆಗ್ಲಿ ತಡೀರಿ. ನೀವು 'ಸೆಕೆಂಡ್ ಫೌಂಡೇಶನ್' ತನಕ ಮುಟ್ಟಿದ್ರ ಅದರ ಎರಡನೇ ಅರ್ಧದ ನಾಯಕಿ ಆರ್ಕೇಡಿ ಹದಿನಾಲ್ಕು ವರ್ಷದ ಹುಡುಗಿ, ಹೋಂವರ್ಕ್ ಬರೀತಾ ಕೂತಿರ್ತಾಳ ಮೊದಲ ಪುಟದಾಗ, ಆಮೇಲೆ ದೊಡ್ಡವರಿಗೆ ಗೊತ್ತಾಗದಂಗ ಹಡಗು ಹತ್ತಿಬಿಡ್ತಾಳ. ಅಷ್ಟೊತ್ತಿಗೆ ನಿಮ್ಮ ಮಗಳು ಮೊದ್ಲ ಎರಡು ಪುಸ್ತಕ ತಾನೇ ಕೇಳಿ ಇಸ್ಕೊಂಡಿದ್ರ ಮೂರನೇದೂ ಕೊಡ್ರಿ, ಇಲ್ಲಂದ್ರ ಒತ್ತಾಯ ಮಾಡಬ್ಯಾಡ್ರಿ.